ಚೀನಾದ ಹೈಸ್ಕೂಲ್ ಮಕ್ಕಳ ಇಂಗ್ಲಿಷ್: ಕೇಳುವುದು, ಓದುವುದು ಅಳೆಯಲು ಯಾವ ಪರೀಕ್ಷೆ?

ಶೆನ್‌ಜೆನ್, ಸುಝೌ, ಶಾಂಘೈ ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಗಣಿತ, ಫಿಸಿಕ್ಸ್ ಕಲಿಸುವ ನಮ್ಮ ಕಡೆಯವರು ಇದ್ದಾರೆ. ಹೊಸ ತರಗತಿ ಕೈಗೆ ಬಂದಾಗ ಅವರು ಹೇಳುವ ಗೊಂದಲ ಹೆಚ್ಚುಕಡಿಮೆ ಒಂದೇ. ಹುಡುಗ ಸಮೀಕರಣ ಕೊಟ್ಟರೆ ಪಟ್ಟನೆ ಬಿಡಿಸುತ್ತಾನೆ. ಅದೇ ಲೆಕ್ಕವನ್ನು ಬಾಯಲ್ಲಿ ಹೇಳಿದರೆ ಸುಮ್ಮನೆ ಕೂರುತ್ತಾನೆ. ಅವನಿಗೆ ಪಾಠ ಅರ್ಥ ಆಗಿಲ್ವೋ, ಇಂಗ್ಲಿಷ್ ಅರ್ಥ ಆಗಿಲ್ವೋ? ಒಂದು ಟೆಸ್ಟ್ ಕೊಟ್ಟು ನೋಡೋಣ ಅಂದರೆ ಹೆಸರುಗಳು ಹತ್ತಾರು: ಗಾವೊಕಾವೊ (ಚೀನಾದ ಕಾಲೇಜು ಪ್ರವೇಶ ಪರೀಕ್ಷೆ) ಹಳೇ ಪತ್ರಿಕೆ, ಟೋಫೆಲ್ ಜೂನಿಯರ್, ಕೇಂಬ್ರಿಡ್ಜ್, ಆಪ್ಟಿಸ್, ಐಇಎಲ್‌ಟಿಎಸ್, ಜೊತೆಗೆ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುವವು.

ಇಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವುದು, ಓದಿ ಅರ್ಥ ಮಾಡಿಕೊಳ್ಳುವುದು, ಈ ಎರಡನ್ನು ಮಾತ್ರ ನೋಡೋಣ. ಮಾತು, ಬರವಣಿಗೆಗೆ ಬೇರೆಯೇ ಲೆಕ್ಕ ಬೇಕು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮೊದಲು: ಈ ಅಂಕ ಯಾರಿಗೆ ಬೇಕು? ವಿದೇಶದ ಯೂನಿವರ್ಸಿಟಿಗೆ ಬೇಕಾದರೆ ಅವರು ಒಪ್ಪುವ ಪರೀಕ್ಷೆಯನ್ನೇ ಬರೆಯಬೇಕು, ಅಲ್ಲಿ ನಮ್ಮ ಆಯ್ಕೆ ಕಡಿಮೆ. ಅಪ್ಪ ಅಮ್ಮನಿಗೆ, ಶಾಲೆಯ ಪ್ರವೇಶಕ್ಕೆ ಬೇಕಾದರೆ ಹೊರಗಿನವರು ನಂಬುವ ಹೆಸರು ಬೇಕು. ನಾಳೆಯ ಪಾಠ ಹೇಗೆ ಮಾಡಲಿ ಎಂದು ತಿಳಿಯಲು ನಿಮಗೇ ಬೇಕಾದರೆ ಹೆಸರು ಮುಖ್ಯವಲ್ಲ, ವಿವರ ಮುಖ್ಯ. ಈ ಪ್ರಶ್ನೆ ಕೇಳಿಕೊಳ್ಳದೆ ದುಬಾರಿ ಪರೀಕ್ಷೆ ಕೊಂಡು, ಕೊನೆಗೆ ಒಂದು ಸಂಖ್ಯೆ ಹಿಡಿದು ಏನು ಮಾಡಬೇಕೆಂದು ತೋಚದ ಶಾಲೆಗಳು ಜಾಸ್ತಿ.

ಎರಡನೆಯದು, ಕೇಳುವುದಕ್ಕೂ ಓದುವುದಕ್ಕೂ ಬೇರೆ ಬೇರೆ ಅಂಕ ಬರುತ್ತದೆಯೇ? ಚೀನಾದ ಮಕ್ಕಳ ವಿಷಯದಲ್ಲಿ ನಾನು ಇದಕ್ಕೆ ತುಂಬಾ ತೂಕ ಕೊಡುತ್ತೇನೆ. ಹೈಸ್ಕೂಲ್ ಮುಗಿಸುವ ಹೊತ್ತಿಗೆ ಪಠ್ಯಕ್ರಮದ ಪ್ರಕಾರ ಅವರಿಗೆ ಸುಮಾರು 3000 ಇಂಗ್ಲಿಷ್ ಪದ ಬರಬೇಕು. ಬಹುಪಾಲು ಮಕ್ಕಳು ಅದನ್ನು ಪಟ್ಟಿ ನೋಡಿ, ಕಣ್ಣಿನಿಂದ ಕಲಿಯುತ್ತಾರೆ. ಪುಸ್ತಕದಲ್ಲಿ ಕಂಡರೆ ಗುರುತು ಹಿಡಿಯುವ ಪದವೇ ಕಿವಿಗೆ ಬಿದ್ದಾಗ ಅಪರಿಚಿತ ಆಗುತ್ತದೆ. ಅವರ ಭಾಷೆಯ ಸದ್ದು ಇದಕ್ಕೆ ಸೇರುತ್ತದೆ. ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ನಿಲ್ಲುವ ವ್ಯಂಜನಗಳು ಬೆರಳೆಣಿಕೆಯಷ್ಟು, ಒತ್ತಕ್ಷರದ ಹಾಗೆ ಎರಡು ಮೂರು ವ್ಯಂಜನ ಒಟ್ಟಿಗೆ ಬರುವುದೇ ಇಲ್ಲ. ಹಾಗಾಗಿ 'ವಾಕ್ಡ್', 'ಆಸ್ಕ್ಸ್' ತರಹದ ಪದಗಳ ಬಾಲ ಅವರ ಕಿವಿಗೆ ಸಿಗುವುದಿಲ್ಲ. ಕ್ರಿಯಾಪದದ ರೂಪ ಬದಲಿಸಿ ಕಾಲ ಹೇಳುವ ಪದ್ಧತಿಯೂ ಅವರಲ್ಲಿಲ್ಲ. ಅಂದರೆ ಆ ಬಾಲದ ಕಡೆ ಗಮನ ಕೊಡುವ ಅಭ್ಯಾಸವೇ ಬೆಳೆದಿರುವುದಿಲ್ಲ.

ಸಂಖ್ಯೆಗಳ ಕಷ್ಟ ನಮಗೆ ಚೆನ್ನಾಗಿ ಅರ್ಥವಾಗಬೇಕು. ಅವರ ಎಣಿಕೆಯಲ್ಲಿ ಹತ್ತು ಸಾವಿರಕ್ಕೆ 'ವಾನ್' ಎಂಬ ಘಟ್ಟವಿದೆ. ಒಂದೂವರೆ ಲಕ್ಷ ಅವರಿಗೆ ಹದಿನೈದು ವಾನ್. ಇಂಗ್ಲಿಷ್‌ನಲ್ಲಿ ನೂರೈವತ್ತು ಸಾವಿರ ಎಂದು ಕೇಳಿಸಿದ ತಕ್ಷಣ ಮನಸ್ಸಲ್ಲೇ ಸೊನ್ನೆ ಸರಿಸಬೇಕು. ಲಕ್ಷ, ಕೋಟಿ ಎಣಿಸಿ ಬೆಳೆದ ನಮಗೂ ಮಿಲಿಯನ್ ಕೇಳಿದಾಗ ಹೀಗೇ ಆಗುತ್ತದೆ ಅಲ್ವಾ? ಅಷ್ಟರಲ್ಲಿ ಮೇಷ್ಟ್ರು ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ.

ಓದುವಾಗಿನ ತೊಡಕು ಬೇರೆ. 'ನಿನ್ನೆ ಬಂದ ಹುಡುಗ' ಎಂದು ನಾವು ವಿವರವನ್ನು ಮೊದಲು ಹೇಳಿ ಹುಡುಗನನ್ನು ಆಮೇಲೆ ಹೇಳುತ್ತೇವೆ. ಚೀನೀ ಭಾಷೆಯಲ್ಲೂ ಹಾಗೇ. ಇಂಗ್ಲಿಷ್‌ನಲ್ಲಿ ಹುಡುಗ ಮೊದಲು, ಅವನ ವಿವರ ಹಿಂದೆ ಉದ್ದಕ್ಕೆ ಬರುತ್ತದೆ. ಅಂಥ ಎರಡು ಮೂರು ವಿವರ ಒಂದೇ ವಾಕ್ಯದಲ್ಲಿ ಸೇರಿದರೆ ಪದವೆಲ್ಲ ಗೊತ್ತಿದ್ದರೂ ಯಾರು ಏನು ಮಾಡಿದರು ಎಂಬುದು ತಪ್ಪುತ್ತದೆ. ಆದ್ದರಿಂದ ಎರಡನ್ನೂ ಕೂಡಿಸಿ ಒಂದೇ ಅಂಕ ಕೊಡುವ ಪರೀಕ್ಷೆ ಪಾಠಕ್ಕೆ ಅಷ್ಟು ಉಪಯೋಗವಿಲ್ಲ.

ಮೂರನೆಯದು ಹಂತ. ಚೀನಾ 2018ರಲ್ಲಿ ತನ್ನದೇ ಇಂಗ್ಲಿಷ್ ಅಳತೆಗೋಲು ತಂದಿತು, ಚುಟುಕಾಗಿ ಸಿಎಸ್ಇ. ಅದರಲ್ಲಿ 9 ಹಂತ. ಹೈಸ್ಕೂಲ್ ಸ್ಥೂಲವಾಗಿ 4ನೆಯದು. ಯುರೋಪಿನ ಎ1ರಿಂದ (ಆರಂಭ) ಸಿ2ರವರೆಗಿನ (ತುದಿ) ಅಳತೆಯೂ ಜೊತೆಗೆ ಬಳಕೆಯಲ್ಲಿದೆ. ಮಗುವಿನ ಮಟ್ಟಕ್ಕಿಂತ ತೀರಾ ಮೇಲಿನ ಪರೀಕ್ಷೆ ಕೊಟ್ಟರೆ ಎಲ್ಲರೂ ಊಹೆಯಲ್ಲೇ ಗುರುತು ಹಾಕುತ್ತಾರೆ. ತೀರಾ ಕೆಳಗಿನದು ಕೊಟ್ಟರೆ ಎಲ್ಲರಿಗೂ ಪೂರ್ತಿ ಅಂಕ. ಎರಡರಲ್ಲೂ ಹೊಸದೇನೂ ತಿಳಿಯುವುದಿಲ್ಲ.

ಇನ್ನು ಉತ್ತರ ಆರಿಸುವುದೋ, ಬರೆಯುವುದೋ ನೋಡಿ. ಆಮೇಲೆ ದುಡ್ಡು, ಸಮಯ, ಪರೀಕ್ಷಾ ಕೇಂದ್ರದಲ್ಲಿ ಸೀಟು.

ಗಾವೊಕಾವೊ ಹಳೇ ಪತ್ರಿಕೆ

ಮಗು ಚೀನಾದಲ್ಲೇ ಕಾಲೇಜು ಸೇರುವುದಾದರೆ ಇದನ್ನು ಬಿಟ್ಟು ಬೇರೆ ಯೋಚಿಸುವ ಅಗತ್ಯ ಕಡಿಮೆ. ಸಾಮಾನ್ಯ ರಾಷ್ಟ್ರೀಯ ಪತ್ರಿಕೆಯಲ್ಲಿ ಇಂಗ್ಲಿಷ್‌ಗೆ 150 ಅಂಕ. ಅದರಲ್ಲಿ ಕೇಳುವ ಭಾಗಕ್ಕೆ 30, ಓದುವ ಭಾಗಕ್ಕೆ 50. ಕೇಳುವ ಭಾಗದಲ್ಲಿ 20 ಪ್ರಶ್ನೆ, ಒಂದೊಂದಕ್ಕೆ ಒಂದೂವರೆ ಅಂಕ. ಮೊದಲ ಐದು ಚಿಕ್ಕ ಸಂಭಾಷಣೆ ಒಂದೇ ಸಲ ಕೇಳಿಸುತ್ತಾರೆ, ಆಮೇಲಿನ ಉದ್ದದವು ಎರಡು ಸಲ. ಓದುವುದರಲ್ಲಿ 15 ಪ್ರಶ್ನೆಗೆ ನಾಲ್ಕು ಆಯ್ಕೆ. ಜೊತೆಗೆ ಒಂದು ಗದ್ಯದಲ್ಲಿ ಐದು ವಾಕ್ಯ ಖಾಲಿ ಬಿಟ್ಟು, ಕೊಟ್ಟ ಏಳರಿಂದ ಆರಿಸಿ ತುಂಬಿಸುವುದು. ಈ ಕೊನೆಯದು ನನಗೆ ತುಂಬಾ ಇಷ್ಟವಾದ ಭಾಗ. ಒಂದು ಪ್ಯಾರಾದ ಮಾತು ಮುಂದಿನದಕ್ಕೆ ಹೇಗೆ ಕೂಡುತ್ತದೆ ಎಂಬುದು ಗೊತ್ತಿಲ್ಲದೆ ಅದನ್ನು ಬಿಡಿಸಲು ಆಗುವುದಿಲ್ಲ.

ಹಳೇ ಪತ್ರಿಕೆ, ಅದರ ಆಡಿಯೋ ಎಲ್ಲ ಶಾಲೆಗಳಲ್ಲೂ ಸಿಗುತ್ತದೆ. ಖರ್ಚಿಲ್ಲ. ಮಕ್ಕಳಿಗೆ ಪರೀಕ್ಷೆಯ ರೂಪ ಹೊಸದಲ್ಲ, ಹಾಗಾಗಿ ನಿಯಮ ಅರ್ಥವಾಗದೆ ಕಳೆದುಕೊಳ್ಳುವ ಅಂಕ ಇರುವುದಿಲ್ಲ.

ಆದರೆ ಅಂಕ ಓದುವಾಗ ಎಚ್ಚರ ಬೇಕು. ಕೇಳುವ ಭಾಗದಲ್ಲಿ ಮೂರೇ ಆಯ್ಕೆ. ಏನೂ ಕೇಳದೆ ಸುಮ್ನೆ ಗುರುತು ಹಾಕಿದರೂ ಸರಾಸರಿ 30ಕ್ಕೆ 10 ಬರುತ್ತದೆ. ಹಾಗಾಗಿ 13.5, 15 ಬಂದ ಮಗುವನ್ನು 'ಅರ್ಧದಷ್ಟು ಅರ್ಥವಾಗುತ್ತದೆ' ಎಂದು ತಿಳಿಯಬಾರದು. ಅಂತಿಮ ವರ್ಷದ ಮಕ್ಕಳು ಹಳೇ ಪತ್ರಿಕೆಗಳನ್ನು ಒಂದೂ ಬಿಡದೆ ಬಿಡಿಸಿರುತ್ತಾರೆ, ಕೆಲವರಿಗೆ ಉತ್ತರವೇ ನೆನಪಿರುತ್ತದೆ. ಅವರಿಗೆ ಬೇರೆ ಪ್ರಾಂತ್ಯದ ಪೂರ್ವಸಿದ್ಧತಾ ಪತ್ರಿಕೆ ಕೊಡುವುದು ಒಳ್ಳೆಯದು.

ಊರಿಂದ ಊರಿಗೆ ರೂಪವೂ ಬೇರೆ. ಬೀಜಿಂಗ್‌ನಲ್ಲಿ 2021ರಿಂದ ಕೇಳುವುದು, ಮಾತಾಡುವುದು ಸೇರಿ 50 ಅಂಕದ ಕಂಪ್ಯೂಟರ್ ಪರೀಕ್ಷೆ, ವರ್ಷಕ್ಕೆ ಎರಡು ಅವಕಾಶ. ಗುವಾಂಗ್‌ಡಾಂಗ್‌ನಲ್ಲೂ ಕಂಪ್ಯೂಟರ್ ಮೇಲೆಯೇ, ಆದರೆ 20 ಅಂಕ. ನಿಮ್ಮ ಪ್ರಾಂತ್ಯದ ರೂಪ ತಿಳಿದುಕೊಂಡೇ ಪತ್ರಿಕೆ ಆರಿಸಿ.

ಬೇರೆ ಬೇರೆ ವರ್ಷದ ಪತ್ರಿಕೆಗಳ ಅಂಕವನ್ನು ನೇರವಾಗಿ ಹೋಲಿಸುವುದೂ ಅಪಾಯ. ಝೆಜಿಯಾಂಗ್‌ನಲ್ಲಿ 2018ರ ನವೆಂಬರ್ ಇಂಗ್ಲಿಷ್ ಪತ್ರಿಕೆ ಹಿಂದಿನದಕ್ಕಿಂತ ಕಷ್ಟವಾಯಿತೆಂದು ಕೆಲವು ಪ್ರಶ್ನೆಗಳಿಗೆ ತೂಕ ಹೆಚ್ಚಿಸಿ ಅಂಕ ಕೊಟ್ಟರು. ವಿದ್ಯಾರ್ಥಿಗಳು, ಪೋಷಕರು ಸಿಟ್ಟಿಗೆದ್ದರು. ತನಿಖೆ ನಡೆದು, ಡಿಸೆಂಬರ್‌ನಲ್ಲಿ ಆ ತೂಕ ರದ್ದಾಗಿ ಮೂಲ ಅಂಕವೇ ಉಳಿಯಿತು. ಅಷ್ಟು ದೊಡ್ಡ ವ್ಯವಸ್ಥೆಗೇ ಎರಡು ಪತ್ರಿಕೆಗಳ ಕಷ್ಟ ಸರಿದೂಗಿಸುವುದು ಇಷ್ಟು ತೊಡಕು. ನಿಮ್ಮ ತರಗತಿಯಲ್ಲಿ ಸೆಪ್ಟೆಂಬರ್‌ಗೆ ಒಂದು ಪತ್ರಿಕೆ, ಜನವರಿಗೆ ಇನ್ನೊಂದು ಕೊಟ್ಟು '6 ಅಂಕ ಏರಿತು' ಎನ್ನುವಾಗ ಇದು ನೆನಪಿರಲಿ.

ಟೋಫೆಲ್ ಜೂನಿಯರ್ ಮತ್ತು ಕೇಂಬ್ರಿಡ್ಜ್

ಗಾವೊಕಾವೊ ಬಿಟ್ಟು ಅಂತರರಾಷ್ಟ್ರೀಯ ವಿಭಾಗಕ್ಕೆ ಬರುವ ಮಕ್ಕಳಿಗೆ ಪ್ರವೇಶದಲ್ಲಿ ಏನಾದರೂ ಕೊಡಬೇಕು ಎಂದಾಗ ಈ ಎರಡರ ನಡುವೆ ಜಗ್ಗಾಟ.

ಟೋಫೆಲ್ ಜೂನಿಯರ್ 11 ವರ್ಷ ಮೇಲಿನ ಮಕ್ಕಳಿಗೆ. ಕೇಳುವುದು, ವ್ಯಾಕರಣ ಮತ್ತು ಪದ, ಓದುವುದು ಎಂದು ಮೂರು ಭಾಗ. ಒಂದೊಂದಕ್ಕೆ 200ರಿಂದ 300. ಎಲ್ಲ ಆಯ್ಕೆಯ ಪ್ರಶ್ನೆ, ಸುಮಾರು ಎರಡು ಗಂಟೆ. ಇದರ ದೊಡ್ಡ ಲಾಭ ಕೇಳುವ ಭಾಗದ ವಿಷಯ. ಮೇಷ್ಟ್ರು ತರಗತಿಯಲ್ಲಿ ಕೊಡುವ ಸೂಚನೆ, ಮಕ್ಕಳ ಚಿಕ್ಕ ಮಾತುಕತೆ, ಪಾಠದ ತುಣುಕು, ಇವೇ ಬರುತ್ತವೆ. ಇಂಗ್ಲಿಷ್‌ನಲ್ಲಿ ಫಿಸಿಕ್ಸ್ ಹೇಳುವವರಿಗೆ ಬೇಕಾದದ್ದು ಇದೇ. ಓದುವ ಅಂಕದ ಜೊತೆ ಲೆಕ್ಸೈಲ್ ಅಳತೆ (ಓದುವ ಮಟ್ಟವನ್ನು ಪುಸ್ತಕದ ಕಷ್ಟಕ್ಕೆ ಹೊಂದಿಸುವ ಸಂಖ್ಯೆ) ಬರುವುದರಿಂದ ಲೈಬ್ರರಿಯಲ್ಲಿ ಯಾವ ಪುಸ್ತಕ ಕೊಡಬಹುದು ಎಂಬುದೂ ಗೊತ್ತಾಗುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಒಟ್ಟು ಅಂಕ ನೋಡಬೇಡಿ. ವ್ಯಾಕರಣದ ಡ್ರಿಲ್ ಮಾಡಿ ಬಂದ ಮಗು ಮಧ್ಯದ ಭಾಗದಲ್ಲಿ ಚೆನ್ನಾಗಿ ಗಳಿಸುತ್ತದೆ, ಅದು ಕೇಳುವ ಭಾಗದ ಕೊರತೆಯನ್ನು ಮುಚ್ಚುತ್ತದೆ. ಬಿ2 ದಾಟಿದ ಮಕ್ಕಳ ನಡುವಿನ ವ್ಯತ್ಯಾಸವನ್ನೂ ಈ ಪರೀಕ್ಷೆ ತೋರಿಸುವುದಿಲ್ಲ.

ಕೇಂಬ್ರಿಡ್ಜ್‌ನದ್ದು ಹಂತಕ್ಕೊಂದು ಪರೀಕ್ಷೆ. ಎ2ಗೆ ಕೆಇಟಿ, ಬಿ1ಗೆ ಪಿಇಟಿ, ಬಿ2ಗೆ ಎಫ್‌ಸಿಇ ಎಂದೇ ಅಲ್ಲಿ ಎಲ್ಲರ ಬಾಯಲ್ಲೂ. ಪಿಇಟಿಯಲ್ಲಿ ಓದುವುದಕ್ಕೆ 45 ನಿಮಿಷಕ್ಕೆ 32 ಪ್ರಶ್ನೆ, ಕೇಳುವುದಕ್ಕೆ 25 ಪ್ರಶ್ನೆ. ಪ್ರತಿ ಆಡಿಯೋ ಎರಡು ಸಲ. ಕೆಲವು ಕಡೆ ಕೇಳಿಸಿಕೊಂಡ ಪದವನ್ನು ಬರೆಯಲೇಬೇಕು, ಊಹೆಗೆ ಜಾಗ ಕಡಿಮೆ. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಗೊಡವೆಯೂ ಇಲ್ಲ. ಕಷ್ಟ ಏನೆಂದರೆ ಹಂತವನ್ನು ನೀವೇ ಮೊದಲು ಆರಿಸಬೇಕು. ಮಗುವಿನ ಮಟ್ಟ ಗೊತ್ತಿಲ್ಲ ಎಂದೇ ತಾನೇ ಪರೀಕ್ಷೆ ಹುಡುಕುತ್ತಿರುವುದು? ಜೊತೆಗೆ ದೊಡ್ಡ ಊರುಗಳಲ್ಲಿ ಪ್ರೈಮರಿ ಮಕ್ಕಳ ಪೋಷಕರೇ ಸೀಟಿಗೆ ಮುಗಿಬೀಳುತ್ತಾರೆ. ಬೇಕಾದ ತಿಂಗಳಿಗೆ ಬೇಕಾದ ಊರಲ್ಲಿ ಜಾಗ ಸಿಗುತ್ತದೆ ಎಂದು ನೆಚ್ಚುವಂತಿಲ್ಲ.

ಎರಡರಲ್ಲಿ ಒಂದು ಅಂದರೆ? ಬಗೆಬಗೆ ಮಟ್ಟದ ಮಕ್ಕಳ ದೊಡ್ಡ ಗುಂಪನ್ನು ಒಂದೇ ದಿನ ವಿಂಗಡಿಸಲು ಟೋಫೆಲ್ ಜೂನಿಯರ್. ಒಂದು ಮಗುವಿನ ಮಟ್ಟ ಈಗಾಗಲೇ ಅಂದಾಜಿದ್ದು, ಅದಕ್ಕೊಂದು ಗುರಿ, ಪ್ರಮಾಣಪತ್ರ ಬೇಕಾದರೆ ಕೇಂಬ್ರಿಡ್ಜ್. ಪ್ರಮಾಣಪತ್ರ ಬೇಡ, ಮಟ್ಟ ತಿಳಿದರೆ ಸಾಕು ಎನ್ನುವವರು ಕೇಂಬ್ರಿಡ್ಜ್ ತಾನೇ ಪುಕ್ಕಟೆ ಹಾಕಿರುವ ಮಾದರಿ ಪತ್ರಿಕೆ, ಆಡಿಯೋ ಇಳಿಸಿಕೊಂಡು ತರಗತಿಯಲ್ಲೇ ಕೊಡಬಹುದು.

ಆಪ್ಟಿಸ್

ಬ್ರಿಟಿಷ್ ಕೌನ್ಸಿಲ್‌ನ ಈ ಪರೀಕ್ಷೆಯ ಹೆಸರು ಪೋಷಕರಿಗೆ ಅಷ್ಟು ಗೊತ್ತಿಲ್ಲ, ಆದರೆ ಶಾಲೆ ನಡೆಸುವವರು ನೋಡಲೇಬೇಕು. 13ರಿಂದ 17 ವರ್ಷದವರಿಗೆ ಬೇರೆಯೇ ಆವೃತ್ತಿ ಇದೆ. ವ್ಯಾಕರಣ ಮತ್ತು ಪದದ ಭಾಗ ಕಡ್ಡಾಯ. ಉಳಿದಂತೆ ಕೇಳುವುದು, ಓದುವುದು ಮಾತ್ರ ಸಾಕೆಂದರೆ ಅಷ್ಟನ್ನೇ ಕೊಳ್ಳಬಹುದು. ಪ್ರತಿಯೊಂದಕ್ಕೂ 50ಕ್ಕೆ ಬೇರೆ ಅಂಕ, ಯುರೋಪಿನ ಅಳತೆಯ ಹಂತವೂ ಬರುತ್ತದೆ. ಮೊದಲೇ ಹಂತ ಆರಿಸುವ ತಲೆನೋವಿಲ್ಲ. 2019ರಲ್ಲಿ ಐಇಎಲ್‌ಟಿಎಸ್ ಮತ್ತು ಆಪ್ಟಿಸ್ ಎರಡನ್ನೂ ಚೀನಾದ ಸಿಎಸ್ಇ ಅಳತೆಗೆ ಜೋಡಿಸಿ ಪ್ರಕಟಿಸಿದರು. ಹಾಗಾಗಿ ಅಲ್ಲಿನ ಶಿಕ್ಷಣ ಅಧಿಕಾರಿಗಳ ಮುಂದೆ ಮಾತಾಡುವಾಗ ಒಂದು ಆಧಾರ ಸಿಗುತ್ತದೆ. ಶಾಲೆಯೇ ಗುಂಪಾಗಿ ಕೊಳ್ಳುವ ಪರೀಕ್ಷೆ ಇದು, ಒಬ್ಬ ಪೋಷಕರು ತಮ್ಮ ಮಗುವಿಗೆಂದು ಹೋಗಿ ಬರೆಸುವಂಥದ್ದಲ್ಲ.

ಐಇಎಲ್‌ಟಿಎಸ್, ಟೋಫೆಲ್, ಡುವೊಲಿಂಗೊ

ಇವು ವಿದೇಶಕ್ಕೆ ಹೋಗುವವರಿಗೆ. ಮಟ್ಟ ತಿಳಿಯುವ ಆಸೆಗೆ ಬರೆಸಬೇಡಿ. ಚೀನಾದಲ್ಲಿ ಐಇಎಲ್‌ಟಿಎಸ್ ಶುಲ್ಕ 2000 ಯುವಾನ್‌ಗೂ ಜಾಸ್ತಿ. ಅಂಕ ನಡೆಯುವುದು ಎರಡು ವರ್ಷ. ಹೈಸ್ಕೂಲಿನ ಮೊದಲ ವರ್ಷದ ಆರಂಭದಲ್ಲಿ ಬರೆಸಿದರೆ ಯೂನಿವರ್ಸಿಟಿ ಸೇರುವ ಹೊತ್ತಿಗೆ ಅದು ಮುಗಿದಿರುತ್ತದೆ.

ಪರೀಕ್ಷೆ ಮಾತ್ರ ಗಟ್ಟಿ. ಕೇಳುವುದಕ್ಕೆ 40 ಪ್ರಶ್ನೆ, ಎಲ್ಲ ಒಂದೇ ಸಲ ಕೇಳಿಸುತ್ತಾರೆ. ಉತ್ತರ ಬರೆಯುವಾಗ ಸ್ಪೆಲ್ಲಿಂಗ್ ತಪ್ಪಿದರೆ, ಬಹುವಚನದ ಬಾಲ ಬಿಟ್ಟರೆ ಅಂಕ ಹೋಯಿತು. ಅಂದರೆ ಮೇಲೆ ಹೇಳಿದ ಕಿವಿಯ ಕೊರತೆ ಇಲ್ಲಿ ಬಚ್ಚಿಟ್ಟುಕೊಳ್ಳುವುದಿಲ್ಲ. ಓದುವುದರಲ್ಲಿ ಒಂದು ಗಂಟೆಗೆ ಮೂರು ಉದ್ದದ ಗದ್ಯ, 40 ಪ್ರಶ್ನೆ. 'ಸರಿ, ತಪ್ಪು, ಹೇಳಿಲ್ಲ' ಎಂಬ ಬಗೆಯಲ್ಲಿ ಮಕ್ಕಳು ತಮಗೆ ಮೊದಲೇ ಗೊತ್ತಿದ್ದ ವಿಷಯ ಸೇರಿಸಿ ತಪ್ಪುತ್ತಾರೆ. ಸಿಎಸ್ಇ 4ನೇ ಹಂತಕ್ಕೆ ಐಇಎಲ್‌ಟಿಎಸ್‌ನ ಒಟ್ಟಾರೆ ಅಂಕ (ಬ್ಯಾಂಡ್) 4.5, 5ನೇ ಹಂತಕ್ಕೆ 5.5 ಎಂದು ಜೋಡಣೆ ಇದೆ. ಇದನ್ನು ಪೋಷಕರಿಗೆ ತೋರಿಸಿ. ಪಠ್ಯಕ್ರಮದ ಮಟ್ಟಕ್ಕೆ ಸರಿಯಾಗಿ ಕಲಿತ ಮಗುವೂ ವಿದೇಶದ ಯೂನಿವರ್ಸಿಟಿ ಕೇಳುವ 6, 6.5ರಿಂದ ಎಷ್ಟು ದೂರ ಇದೆ ಎಂಬುದು ಅವರಿಗೆ ಆಗ ಕಾಣುತ್ತದೆ. ಮಗುವಿನ ತಪ್ಪಲ್ಲ, ಎರಡರ ಗುರಿಯೇ ಬೇರೆ.

ಟೋಫೆಲ್ ಐಬಿಟಿ 2026ರ ಜನವರಿಯಲ್ಲಿ ಬದಲಾಯಿತು. ಕೇಳುವ, ಓದುವ ಭಾಗಗಳು ಈಗ ಮಗುವಿನ ಉತ್ತರ ನೋಡಿ ಮುಂದಿನ ಪ್ರಶ್ನೆಗಳ ಕಷ್ಟ ಹೆಚ್ಚು ಕಡಿಮೆ ಮಾಡುತ್ತವೆ, ಅಂಕವೂ 1ರಿಂದ 6ರ ಅಳತೆಯಲ್ಲಿ ಬರುತ್ತದೆ. ಹಳೇ ಅಭ್ಯಾಸ ಪುಸ್ತಕ ಕೊಳ್ಳುವ ಮುನ್ನ ಮುದ್ರಣದ ವರ್ಷ ನೋಡಿ. ಡುವೊಲಿಂಗೊ ಪರೀಕ್ಷೆ ಇವೆರಡಕ್ಕಿಂತ ತುಂಬಾ ಅಗ್ಗ, ಮನೆಯಲ್ಲೇ ಸುಮಾರು ಒಂದು ಗಂಟೆ. ಆದರೆ ತುಣುಕು ತುಣುಕಾದ ಪ್ರಶ್ನೆಗಳೇ ಜಾಸ್ತಿ. ಪಾಠ ಕೇಳುವ, ಅಧ್ಯಾಯ ಓದುವ ಶಕ್ತಿಯ ಬಗ್ಗೆ ಶಿಕ್ಷಕರಿಗೆ ಅದರಿಂದ ಸಿಗುವುದು ಕಡಿಮೆ. ಮಗು ಅರ್ಜಿ ಹಾಕುವ ಯೂನಿವರ್ಸಿಟಿ ಒಪ್ಪುತ್ತದೆ ಎಂದು ಖಾತ್ರಿಯಾದರೆ ಬರೆಸಿ.

ದುಡ್ಡಿಲ್ಲದೆ ಮಾಡಬಹುದಾದದ್ದು

ಇಎಫ್ ಸೆಟ್ ಎಂಬ ಆನ್‌ಲೈನ್ ಪರೀಕ್ಷೆ ಪುಕ್ಕಟೆ. ಅದರ 50 ನಿಮಿಷದ ರೂಪದಲ್ಲಿ ಅರ್ಧ ಓದುವುದು, ಅರ್ಧ ಕೇಳುವುದು. ಬೇರೆ ಬೇರೆ ಅಂಕ ಬರುತ್ತದೆ. ಮೇಲ್ವಿಚಾರಣೆ ಇಲ್ಲದ್ದರಿಂದ ಹೊರಗಿನವರು ನಂಬುವುದಿಲ್ಲ. ಆದರೆ ಕಂಪ್ಯೂಟರ್ ಲ್ಯಾಬಿನಲ್ಲಿ ನಿಮ್ಮ ಕಣ್ಣೆದುರು ಬರೆಸಿದರೆ ಗುಂಪು ಮಾಡಲು ಸಾಕು.

ನಿಮಗೇ ಬೇಕಾದ ಮಾಹಿತಿಗೆ ಮಾತ್ರ, ನನ್ನ ಮಟ್ಟಿಗೆ, ನೀವೇ ಮಾಡುವ ಒಂದು ಪೀರಿಯಡ್‌ನ ಟೆಸ್ಟ್‌ಗೆ ಸಮ ಯಾವುದೂ ಇಲ್ಲ. ನಿಮ್ಮ ವಿಷಯದ ಪುಸ್ತಕದಿಂದ ಮಕ್ಕಳು ಇನ್ನೂ ನೋಡಿರದ, ಹೆಚ್ಚುಕಡಿಮೆ ಒಂದೇ ಕಷ್ಟದ ಎರಡು ತುಣುಕು ತೆಗೆದುಕೊಳ್ಳಿ. ಒಂದೊಂದು 150 ಪದ ಇದ್ದರೆ ಸಾಕು. ಘರ್ಷಣೆಯ ಬಗ್ಗೆ ಒಂದು, ಶಾಖದ ಬಗ್ಗೆ ಒಂದು ಎಂದಿಟ್ಟುಕೊಳ್ಳಿ. ಅರ್ಧ ತರಗತಿ ಮೊದಲನೆಯದನ್ನು ಕೇಳಲಿ, ಎರಡನೆಯದನ್ನು ಓದಲಿ. ಉಳಿದವರು ಅದರ ತಿರುಗುಮುರುಗು. ಒಂದು ತುಣುಕು ಸುಲಭವಾಗಿದ್ದರೂ ಹೀಗೆ ಮಾಡಿದಾಗ ಅದು ಎರಡೂ ಕಡೆಗೆ ಹಂಚಿಹೋಗುತ್ತದೆ. ತುಣುಕಿಗೆ ಐದು ಪ್ರಶ್ನೆ, ಆಯ್ಕೆ ಕೊಡಬೇಡಿ. ಉತ್ತರ ಚೀನೀ ಭಾಷೆಯಲ್ಲೇ ಬರೆಯಲಿ, ಅಲ್ಲಿನ ಸಹೋದ್ಯೋಗಿಯೊಬ್ಬರು ತಿದ್ದಿಕೊಡಲಿ. ಆಗ ಇಂಗ್ಲಿಷ್ ಬರೆಯಲು ಬಾರದ್ದಕ್ಕೆ ಅಂಕ ಹೋಗುವುದಿಲ್ಲ, ಅರ್ಥವಾಗಿದೆಯೋ ಇಲ್ಲವೋ ಅಷ್ಟೇ ಕಾಣುತ್ತದೆ. ಕೊನೆಯ ಹತ್ತು ನಿಮಿಷ ಹತ್ತು ವಾಕ್ಯ ಓದಿ ಹೇಳಿ, ಖಾಲಿ ಬಿಟ್ಟ ಪದ ಬರೆಸಿ. ಖಾಲಿ ಜಾಗಗಳಲ್ಲಿ ಭೂತಕಾಲದ ಬಾಲ, ಬಹುವಚನ, ದೊಡ್ಡ ಸಂಖ್ಯೆ ಇರಲಿ.

ಬಂದದ್ದನ್ನು ಓದುವುದು ಸುಲಭ. ಓದಿದ್ದು ಸರಿ, ಕೇಳಿದ್ದು ತಪ್ಪು ಎಂದಾದರೆ ಭಾಷೆ ಇದೆ, ಕಿವಿ ಪಳಗಿಲ್ಲ. ಪಾಠದಲ್ಲಿ ನಿಧಾನ ಮಾತಾಡಿದರಷ್ಟೇ ಸಾಲದು, ಮುಖ್ಯ ಪದಗಳನ್ನು ಹೇಳುತ್ತಲೇ ಬೋರ್ಡ್ ಮೇಲೆ ಬರೆಯಿರಿ. ಎರಡೂ ತಪ್ಪಾದರೆ ಪದ, ವಾಕ್ಯದ ಕೆಲಸ ಮೊದಲಿನಿಂದ ಬೇಕು, ಇಂಗ್ಲಿಷ್ ವಿಭಾಗದ ನೆರವು ಕೇಳಿ. ಓದಿದ್ದು ಸರಿ ಇದ್ದು ಮುಗಿಸಲು ಸಮಯ ಸಾಲದಿದ್ದರೆ ವೇಗದ ಅಭ್ಯಾಸ ಬೇಕು. ಎರಡೂ ಚೆನ್ನಾಗಿದ್ದು ಲೆಕ್ಕ ಮಾತ್ರ ತಪ್ಪಾಗಿದ್ದರೆ ಇಂಗ್ಲಿಷ್ ಬಿಡಿ, ಫಿಸಿಕ್ಸ್ ಮತ್ತೆ ಹೇಳಿಕೊಡಿ.

ಯಾರಿಗೆ ಯಾವುದು

ಗಾವೊಕಾವೊ ಬರೆಯುವ ಮಗುವಿಗೆ ತನ್ನ ಪ್ರಾಂತ್ಯದ ರೂಪದ ಪತ್ರಿಕೆ, ಜೊತೆಗೆ ಖಾಲಿ ಪದ ತುಂಬಿಸುವ ಟೆಸ್ಟ್. ಇಷ್ಟಕ್ಕೆ ಖರ್ಚು ಜೆರಾಕ್ಸ್‌ನದ್ದು ಮಾತ್ರ. ಅಂತರರಾಷ್ಟ್ರೀಯ ವಿಭಾಗದ ಮೊದಲ ವರ್ಷಕ್ಕೆ ಬಜೆಟ್ ಇದ್ದರೆ ಆಪ್ಟಿಸ್ ಅಥವಾ ಟೋಫೆಲ್ ಜೂನಿಯರ್, ಇಲ್ಲದಿದ್ದರೆ ಇಎಫ್ ಸೆಟ್. ಯಾವುದೇ ಕೊಡಲಿ, ವಿಷಯ ಕಲಿಸುವವರು ಮೊದಲ ತಿಂಗಳಲ್ಲೇ ತಮ್ಮ ಎರಡು ತುಣುಕಿನ ಟೆಸ್ಟ್ ಮಾಡಲಿ. ವಿದೇಶಕ್ಕೆ ಹೊರಟವರು ಮಾದರಿ ಐಇಎಲ್‌ಟಿಎಸ್ ಪತ್ರಿಕೆಯನ್ನು ಶಾಲೆಯಲ್ಲೇ ಗಡಿಯಾರ ಇಟ್ಟು ಬರೆಯಲಿ. ಬೇಕಾದ ಅಂಕದ ಹತ್ತಿರ ಬಂದ ಮೇಲೆ ಶುಲ್ಕ ಕಟ್ಟಿದರೆ ಸಾಕು.

ಪ್ರಗತಿ ನೋಡಲು ಮತ್ತೆ ಪರೀಕ್ಷೆ ಕೊಡುವುದಾದರೆ ನಡುವೆ ಒಂದು ಸೆಮಿಸ್ಟರ್ ಆದರೂ ಬಿಡಿ, ತುಣುಕುಗಳನ್ನು ಬದಲಿಸಿ. ಐಇಎಲ್‌ಟಿಎಸ್‌ನಲ್ಲಿ ಅರ್ಧ ಬ್ಯಾಂಡ್, ತರಗತಿಯ ಟೆಸ್ಟ್‌ನಲ್ಲಿ ಒಂದೆರಡು ಉತ್ತರ ಆಚೀಚೆ ಆದರೆ ಅದನ್ನು ಏಳಿಗೆ, ಇಳಿಕೆ ಎಂದು ಕರೆಯಬೇಡಿ. ಕೇಳುವ ಟೆಸ್ಟ್‌ಗೆ ಮೊದಲ ಸಲ ಕೋಣೆಯ ಸ್ಪೀಕರ್ ಬಳಸಿದ್ದರೆ ಎರಡನೇ ಸಲವೂ ಅದನ್ನೇ ಬಳಸಿ. ಮೊದಲ ಸಲ ಹೆಡ್‌ಫೋನ್ ಆಗಿದ್ದರೆ ಹೆಡ್‌ಫೋನ್. ಸ್ಪೀಕರ್ ಆದರೆ ಮಕ್ಕಳು ಕೂತ ಜಾಗವನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಐವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿಗೆ ಪದದ ಕೊನೆಯ ಸದ್ದು ತಲುಪುವುದೇ ಕಷ್ಟ.